ಹೊಸ್ತಿಲ ಕೆಳಗಿನ ಬಾಲ

ಮೊರದಲ್ಲಿದ್ದ ತೊಗರಿಬೇಳೆ ಅರ್ಧ ಹಸನಾಗಿತ್ತು. ಕಲ್ಲು ಒಂದು ಮೂಲೆಗೆ, ಸಿಪ್ಪೆ ಬಿಡದ ಕಾಳು ಇನ್ನೊಂದು ಮೂಲೆಗೆ ಸರಿಸಿಕೊಂಡು ಕೂತಿದ್ದೆ. ಅಷ್ಟರಲ್ಲಿ ನಾಯಿಮರಿ ಬಂದು ನನ್ನ ತೊಡೆಗೆ ಬೆನ್ನು ಕೊಟ್ಟು ಕೂತು ಬಾಲ ಆಡಿಸಿತು. ಎರಡು ತಿಂಗಳ ಮರಿ, ಬಾಲ ಮಾತ್ರ ಮೈಗಿಂತ ಮುಂದೆ ಬೆಳೆದಿದೆ. ಅದು ಮೊರದ ಅಂಚಿಗೆ ಟಪ್ ಟಪ್ ಎಂದು ಬಡಿದದ್ದೇ ತಡ, ಆರಿಸಿಟ್ಟ ಕಲ್ಲೆಲ್ಲ ಮತ್ತೆ ಬೇಳೆಯೊಳಗೆ.

"ಏ ಟೈಗರ್, ಸರಿಯೋ ಆ ಕಡೆ!"

ಅಡುಗೆಮನೆಯಿಂದ ಸೊಸೆ ಪಂಚಶೀಲಾ ನಕ್ಕಳು. "ಇವತ್ತೊಂದ್ ದಿನ ತಡ್ಕೋರಿ ಅತ್ತಿ. ನಾಳಿ ಬಾಲ ಹೋದ್ರ ನಿಮ್ಮ ಬ್ಯಾಳಿ ಉಳೀತದ."

"ಎಲ್ಲಿ ಹೋಗ್ತದ ಬಾಲ?"

"ನಿಮ್ಮ ಮಗನ್ನ ಕೇಳ್ರಿ."

ನನ್ನ ಮಗ ಪ್ರಬುದ್ಧ ಕರೆಂಟ್ ಆಫೀಸಿನಲ್ಲಿದ್ದಾನೆ, ಪಂಚಶೀಲಾ ಆಸ್ಪತ್ರೆಯಲ್ಲಿ ನರ್ಸು. ಕುಸನೂರಿನ ನಮ್ಮ ಓಣಿಯಲ್ಲಿ ಎರಡು ಮನೆಯ ಬೀಗ ಒಡೆದ ಮೇಲೆ, ಕಾವಲಿಗೆ ಇರಲಿ ಎಂದು ಅವನು ಈ ಡಾಬರ್‌ಮನ್ ಮರಿ ತಂದಿದ್ದ. ಅವನು ಹೊರಗೆ ಬೈಕ್ ಒರೆಸುತ್ತಿದ್ದವನು ಬಾಗಿಲಲ್ಲಿ ಬಂದು ನಿಂತ.

"ಈ ಜಾತಿಗೆ ಮೋಟ ಬಾಲನ ಇರ್ಬೇಕು ಯವ್ವಾ. ಹಿಂಗ ಬಿಟ್ರ ಬೀದಿ ನಾಯಿ ಕಂಡಂಗ ಕಾಣ್ತದ. ಗುಂಡಣ್ಣ ಹೇಳ್ಯಾನ."

"ಗುಂಡಣ್ಣ ಅಂದ್ರ?"

"ಮರಿ ಮಾರಿದಾಂವ."

"ತನ್ನ ಬಾಲ ಇದ್ರ ಕತ್ತರಿಸಿಕೊಳ್ತಿದ್ದನೇನ್ ಅಂವ?"

"ಅವಗ ಬಾಲ ಎಲ್ಲಿ ಅದ ಅತ್ತಿ," ಎಂದಳು ಪಂಚಶೀಲಾ. "ಇರೋದು ನಾಲಿಗಿ ಒಂದೇ. ಅದನ್ನ ಕತ್ತರಿಸಿದ್ರ ಊರಿಗಿ ಉಪಕಾರ."

ಪ್ರಬುದ್ಧ ನಗಲಿಲ್ಲ. "ನೀನ ಹಿಂಗ ಅಂತೀಯಲ್ಲ ಯವ್ವಾ. ನಮ್ಮ ತುಳಜಾಬಾಯಿ ಅಜ್ಜಿ ಇಡೀ ಕಮಲಾಪುರದ ನಾಯಿ ಬಾಲ ಕತ್ತರಿಸ್ತಿದ್ಳಂತ. ಮರಿ ಹಿಡ್ಯಾಕಿ ನೀನ ಅಂತ. ಅಪ್ಪ ಎಷ್ಟ್ ಸಲ ಹೇಳ್ಯಾನ."

ನಾನು ಮತ್ತೆ ಮೊರದ ಮೇಲೆ ಬಗ್ಗಿದೆ. ಕಣ್ಣಿಗೆ ಕಲ್ಲೂ ಒಂದೇ, ಬೇಳೆಯೂ ಒಂದೇ ಆಗಿತ್ತು. ಮರಿ ಮಾತ್ರ ತನ್ನ ಪಾಡಿಗೆ ಟಪ್ ಟಪ್ ಎನ್ನಿಸುತ್ತಲೇ ಇತ್ತು. ಈ ಸದ್ದನ್ನು ನಾನು ಇನ್ನೊಂದು ನಾಯಿಯಿಂದ ಕೇಳಬೇಕಿತ್ತು, ಕೇಳಲಿಲ್ಲ. ಅದರ ಹೆಸರು ಚಾಂದ್.

ಆಗ ನಾವು ಕಮಲಾಪುರದಲ್ಲಿದ್ದೆವು. ನನ್ನ ಯಜಮಾನರು ಸೂರ್ಯಕಾಂತ ಕೆಂಪು ಬಾಳೆಯ ತೋಟವೊಂದರ ಕಾವಲಿಗಿದ್ದರು. ತೋಟದ ಬದುವಿಗೆ ಅಂಟಿಕೊಂಡೇ ನಮ್ಮ ಗುಡಿಸಲು. ಮಣ್ಣೂ ಕೆಂಪು, ಹಣ್ಣೂ ಕೆಂಪು, ಸಂಜೆಯಾದರೆ ಮೇಲಿನ ಆಕಾಶವೂ ಹಾಗೇ. ಗೊನೆ ಕಡಿದ ದಿನ ಇಡೀ ಬದು ಹಣ್ಣಿನ ವಾಸನೆ ಹಿಡಿಯುತ್ತಿತ್ತು. ಈಗಲೂ ಸೇಡಂ ರಸ್ತೆಯ ಗಾಡಿಯಲ್ಲಿ ಕೆಂಪು ಬಾಳೆ ಕಂಡರೆ ನಾನು ಕೊಳ್ಳುವುದಕ್ಕಿಂತ ಮೊದಲು ಮೂಸುತ್ತೇನೆ. ಗಾಡಿಯವನು ಬೈಯುತ್ತಾನೆ.

ತೋಟದ ಆ ಬದಿಗೆ ಇಮಾಮುದ್ದೀನನ ಮನೆ. ಅವನು ಬಾಳೆಗೊನೆಗಳನ್ನು ಬಂಡಿಯಲ್ಲಿ ಹೇರಿಕೊಂಡು ಗುಲ್ಬರ್ಗಾಕ್ಕೆ ಒಯ್ಯುತ್ತಿದ್ದ. ಅವನ ಹೆಂಡತಿ ಲತೀಫಾ ನನ್ನ ವಾರಿಗೆಯವಳು. ಊರ ಬಾವಿಗೆ ನಮ್ಮ ಮಂದಿ ಕೊಡ ಇಳಿಸುವ ಹಾಗಿರಲಿಲ್ಲ. ನಾನು ಮದುವೆಯಾಗಿ ಬಂದ ಮೂರನೇ ದಿನ, ಬಾವಿಯಿಂದ ದೂರ ನಿಂತು ಯಾರಾದರೂ ನೀರು ಸುರಿದಾರು ಎಂದು ಕಾಯುತ್ತಿದ್ದಾಗ ಲತೀಫಾ ನನ್ನ ಕೈ ಹಿಡಿದು ತನ್ನ ಹಿತ್ತಲಿಗೆ ಕರೆದೊಯ್ದಳು. ತನ್ನ ಬಾವಿಯ ಹಗ್ಗವನ್ನೇ ಕೈಗೆ ಕೊಟ್ಟು, "ಸೇದ್ಕೋ. ದಿನಾ ಬಾ," ಎಂದಳು. ಅಷ್ಟೇ ಮಾತು.

ಅಂದಿನಿಂದ ಕೊಡುವ ಕೈ ಯಾವಾಗಲೂ ಅವಳದೇ. ನೀರು, ಹಬ್ಬಕ್ಕೆ ಶಾವಿಗೆ, ಪ್ರಬುದ್ಧ ಹೊಟ್ಟೆಯಲ್ಲಿದ್ದಾಗ ಉಪ್ಪಿನಕಾಯಿ. ನಾನು ಕೊಡಲು ಏನಿತ್ತು? ಹೀಗಿರುವಾಗ ನಮ್ಮ ಹೆಣ್ಣುನಾಯಿ ಮರಿ ಹಾಕಿತು. ಲತೀಫಾ ಮಗಳು ಅಂಬರೀನಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ನೋಡಿದಳು. ಹುಡುಗಿಗೆ ಆಗ ಮೂರು ವರ್ಷ.

"ಈ ಹಣಿ ಮ್ಯಾಲ ಬಿಳಿ ಇರೋದು ನನಗ ಕೊಡ ಮಾನಮ್ಮಾ. ಆಡಿನ ಕೊಟ್ಟಗಿಗಿ ಕಾವಲ ಆಗ್ತದ. ಆದ್ರ ನಿಮ್ಮತ್ತಿ ಕೈಗಿ ಕೊಡಬ್ಯಾಡ ನೋಡ್. ಬಾಲ ಹಂಗೇ ಇರ್ಲಿ. ಈಕಿಗಿ ಬಾಲ ಆಡ್ಸೋದು ನೋಡಿದ್ರ ಊಟಾನೂ ಬ್ಯಾಡ."

ಅವಳು ನನ್ನನ್ನು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ನಮ್ಮ ಕಡೆ ಒಂದು ರೂಢಿ ಇತ್ತು. ಮರಿಯನ್ನು ಬೇರೆ ಮನೆಗೆ ಕೊಡುವಾಗ ಬಾಲ ಕತ್ತರಿಸಿ, ಆ ತುಂಡನ್ನು ಮರಿ ಹೋಗುವ ಮನೆಯ ಹೊಸ್ತಿಲ ಕೆಳಗೆ ಹೂಳಬೇಕು. ಬಾಲ ಹೂತ ಹೊಸ್ತಿಲು ಬಿಟ್ಟು ನಾಯಿ ಎಲ್ಲಿಗೂ ಹೋಗುವುದಿಲ್ಲ, ಕಾವಲಿಗೂ ಗಟ್ಟಿಯಾಗುತ್ತದೆ ಎಂಬ ನಂಬಿಕೆ. ಅದರ ಹಿಂದಿನ ವರ್ಷ ಮಹಾಗಾಂವದ ಒಬ್ಬರಿಗೆ ಬಾಲವಿದ್ದ ಮರಿಯನ್ನು ಹಾಗೇ ಕೊಟ್ಟಿದ್ದೆವು. ಮೂರನೇ ದಿನ ಅದು ನಡೆದುಕೊಂಡು ವಾಪಸ್ ಬಂತು. "ಕೊಟ್ಟಂಗ ಮಾಡಿ ಕಸ್ಕೊಂಡ್ರಿ" ಎಂದು ಅವರು ಸಂತೆಯಲ್ಲಿ ನಾಲ್ಕು ಮಂದಿಯ ಮುಂದೆ ಅಂದರು. ಆ ಮಾತು ನನ್ನ ಎದೆಯಲ್ಲಿತ್ತು. ಲತೀಫಾಳಿಗೆ ನಾನು ಕೊಡುವ ಮೊದಲ ಕಾಣಿಕೆಯೂ ಹಾಗೆ ತಿರುಗಿ ಬಂದರೆ?

ಅತ್ತೆ ತುಳಜಾಬಾಯಿಯವರನ್ನು ಕೇಳಲಿಲ್ಲ, ನಾನೇ ಮಾಡಿದೆ. ಮರಿಗೆ ಇಪ್ಪತ್ತು ದಿನವಾಗಿತ್ತು. ಬಾಳೆ ಎಲೆ ಕೊಯ್ಯುವ ಕುಡುಗೋಲು, ಮೇಲಿಷ್ಟು ಬೂದಿ, ಅರಿಶಿನ. ಅದು ಕೂಗಿದ್ದನ್ನು ಇಲ್ಲಿ ಬರೆಯುವುದಿಲ್ಲ. ಮಧ್ಯಾಹ್ನ ಲತೀಫಾ ಗುಲ್ಬರ್ಗಾಕ್ಕೆ ಹೋಗಿದ್ದಾಗ ಅವಳ ಆಡಿನ ಕೊಟ್ಟಿಗೆಯ ಹೊಸ್ತಿಲ ಕೆಳಗೆ ತುಂಡನ್ನು ಹೂತು ಮಣ್ಣು ತುಳಿದೆ.

ಮರಿ ಒಯ್ಯಲು ಬಂದವಳು ಮೋಟ ಬಾಲ ನೋಡಿ ನಿಂತೇಬಿಟ್ಟಳು. "ಇದೇನಾತು?"

"ಗಾಳಿಗಿ ಬಾಗಿಲು ಬಡೀತು," ಎಂದೆ. ಅವಳ ಮುಖ ನೋಡುವವರೆಗೆ ಸುಳ್ಳು ಹೇಳಬೇಕೆಂದೇ ಇರಲಿಲ್ಲ, ಬಾಯಿಂದ ಬಂದುಬಿಟ್ಟಿತು.

ಅಂಬರೀನ್ ಅಳಲು ಶುರು ಮಾಡಿದಳು. ಲತೀಫಾ ಏನು ಮಾಡಿದಳು ಗೊತ್ತೇ? ಮಗು ಬಿದ್ದಾಗ ನೆಲಕ್ಕೆ ಹೊಡೆಯುತ್ತೇವಲ್ಲ, ಹಾಗೆ ನಮ್ಮ ಗುಡಿಸಲ ಬಾಗಿಲಿಗೆ ಒಂದೇಟು ಹೊಡೆದು, "ಕಣ್ಣಿಲ್ಲೇನ್ ನಿನಗ?" ಎಂದು ಅದನ್ನು ಬೈದಳು. ಮಗು ನಕ್ಕಿತು. ನಾನೂ ನಕ್ಕೆ. ಆಮೇಲೆ ಹದಿನೈದು ದಿನ ಅವಳು ಆ ಗಾಯಕ್ಕೆ ತುಪ್ಪದ ಬಟ್ಟೆ ಕಟ್ಟಿದಳು.

ಚಾಂದ್ ಆ ಹೊಸ್ತಿಲು ಬಿಟ್ಟು ಹೋಗಲಿಲ್ಲ. ರೂಢಿ ಫಲಿಸಿತು ಎಂದುಕೊಂಡೆ. ಆದರೆ ಈಗ ನೆನೆದರೆ, ಅದು ಹೋಗುವುದಾದರೂ ಎಲ್ಲಿಗೆ? ಊರ ನಾಯಿಗಳು ಅದನ್ನು ಕಂಡರೆ ಮೈಮೇಲೆ ಬರುತ್ತಿದ್ದವು. ಅದು ಸ್ನೇಹಕ್ಕೆ ಬಂದಿದೆಯೋ ಜಗಳಕ್ಕೆ ಬಂದಿದೆಯೋ ಅವಕ್ಕೆ ತಿಳಿಯುತ್ತಿರಲಿಲ್ಲ. ಲತೀಫಾಳನ್ನು ಕಂಡಾಗ ಆಡಿಸಲು ಬಾಲವಿಲ್ಲದೆ ಇಡೀ ಸೊಂಟವನ್ನೇ ಕುಣಿಸುತ್ತಿತ್ತು. ನಾವೆಲ್ಲ, "ನೋಡ್ರಿ, ಚಾಂದ್ ನಾಚ್ ಮಾಡ್ತದ," ಎಂದು ನಗುತ್ತಿದ್ದೆವು. ಕೆಲವೊಮ್ಮೆ ಸುಮ್ಮನೆ ಮಲಗಿದ್ದದ್ದು ತಟ್ಟನೆ ಎದ್ದು, ಗರಗರ ತಿರುಗಿ, ಬಾಲವಿರಬೇಕಾದ ಜಾಗವನ್ನು ಕಚ್ಚಲು ಹೋಗುತ್ತಿತ್ತು. ಅದಕ್ಕೂ ನಗುತ್ತಿದ್ದೆವು.

ಮೂರು ವರ್ಷ ಹೀಗೇ ಹೋಯಿತು. ಒಂದು ದಿನ ನೀರು ಸೇದಿ ಬರುವಾಗ ಚಾಂದ್‌ನ ಬೆನ್ನು ಸವರಿದೆ. ಕೈ ಜಾರಿ ಆ ಮೋಟಿಗೆ ತಾಗಿತು. ಅದು ಹಲ್ಲು ಕಿಸಿದು ನನ್ನ ಸೆರಗು ಹರಿಯಿತು. ಅಲ್ಲೇ ಕಲ್ಲಾಟ ಆಡುತ್ತಿದ್ದ ಅಂಬರೀನ್ ನೋಡಿದಳು. ನಾನು ಅವಳಿಗೆ ಖಾಲಾ, ಚಿಕ್ಕಮ್ಮ. "ಖಾಲಾ, ಚಾಂದ್‌ಗ ಅಲ್ಲಿ ನೋಯ್ತದೇನು?" ಎಂದು ಕೇಳಿದಳು. ಆರು ವರ್ಷದ ಹುಡುಗಿಗೆ ತಿಳಿದದ್ದು ಅದು. "ಏನಿಲ್ಲವಾ," ಎಂದೆ.

ವಾರದೊಳಗೆ ಅದು ಅವಳನ್ನೇ ಕಚ್ಚಿತು. ಬಲಗೈ ಮಣಿಕಟ್ಟಿನ ಮೇಲೆ, ಎಲುಬು ಕಾಣುವ ಹಾಗೆ. ಆಗೆಲ್ಲ ಹೊಟ್ಟೆಗೆ ಹದಿನಾಲ್ಕು ಸೂಜಿ. ಇಮಾಮುದ್ದೀನ್ ದಿನವೂ ಅವಳನ್ನು ಗುಲ್ಬರ್ಗಾಕ್ಕೆ ಎತ್ತಿಕೊಂಡು ಹೋಗುತ್ತಿದ್ದ. ಮೊದಲ ದಿನ ಸಂಜೆ ಅವರ ಅಂಗಳದಲ್ಲಿ ಮಂದಿ ಸೇರಿತ್ತು.

"ಏನ್ ಮಾಡಿದ್ದಿ ಅದಕ? ಕಲ್ಲು ಒಗದಿಯೇನು?" ಎಂದು ಇಮಾಮುದ್ದೀನ್ ಕೇಳಿದ.

"ಏನೂ ಮಾಡಿಲ್ಲ ಅಬ್ಬಾ. ಬರೇ ಕೈ ಆಡಿಸ್ದೆ."

"ಬರೇ ಕೈ ಆಡಿಸಿದ್ರ ಕಚ್ತದೇನು, ಮನಿ ನಾಯಿ? ಸುಳ್ಳ ಹೇಳಬ್ಯಾಡ," ಎಂದಳು ಲತೀಫಾ.

ಹುಡುಗಿ ಸುತ್ತ ನೋಡಿ ನನ್ನನ್ನು ಹುಡುಕಿದಳು. "ಖಾಲಾಗ ಕೇಳ್ರಿ. ಖಾಲಾಗೂ ಹಂಗೇ ಕಚ್ಚಾಕ ಬಂದಿತ್ತು. ಖಾಲಾ, ನೀ ಹೇಳು."

ಎಲ್ಲರೂ ನನ್ನತ್ತ ತಿರುಗಿದರು. ಹೌದೆಂದರೆ ಮೋಟನ್ನು ನೋಡುತ್ತಾರೆ. ಬಾಗಿಲು ಬಡಿದ ಗಾಯವೋ ಕುಡುಗೋಲಿನ ಗಾಯವೋ ಎಂದು ಬಲ್ಲವರು ಅಲ್ಲಿದ್ದರು. ನನ್ನ ಕೈಯಿಂದ ಆ ಬಾವಿಯ ಹಗ್ಗ ಜಾರಿದಂತಾಯಿತು.

"ನನಗಾ? ಇಲ್ಲಲ್ಲವಾ," ಎಂದೆ.

ಮರುದಿನ ಇಮಾಮುದ್ದೀನ್ ಚಾಂದ್‌ನನ್ನು ಹಗ್ಗ ಹಾಕಿ ಹಳ್ಳದ ಆಚೆಗೆ ಒಯ್ದ. ಬರುವಾಗ ಹಗ್ಗ ಮಾತ್ರ ತಂದ.

ಕಾಲ ಯಾರಿಗೂ ನಿಲ್ಲುವುದಿಲ್ಲ. ಲತೀಫಾ ಕುಟುಂಬ ಮಹಾಗಾಂವಕ್ಕೆ ಹೋಯಿತು. ನನಗೆ ನಲವತ್ತು ಸಮೀಪಿಸಿದಾಗ ಕಮಲಾಪುರದಲ್ಲಿ ರಾತ್ರಿ ಶಾಲೆ ತೆರೆದರು. ರೊಟ್ಟಿ ಬಡಿದು, ಉಂಡು, ಸ್ಲೇಟು ಹಿಡಿದು ಹೋಗುತ್ತಿದ್ದೆವು, ಹನ್ನೊಂದು ಹೆಣ್ಣುಮಕ್ಕಳು. ಎರಡನೇ ವರ್ಷ ಮಾಸ್ತರರು, "ಗೆಳತಿಗೆ ಒಂದು ಪತ್ರ ಬರೀರಿ," ಎಂದರು. ಉಳಿದವರು ನಾವು ಕ್ಷೇಮ, ನೀವು ಕ್ಷೇಮವೇ ಎಂದು ಬರೆದರು. ನಾನು ಲತೀಫಾಳಿಗೆ ಬಾಲದ ಸಂಗತಿ ಎಲ್ಲ ಬರೆದೆ. ಮಾಸ್ತರರು ಓದಿ, ಕೆಂಪು ಮಸಿಯಲ್ಲಿ ಏಳು ತಪ್ಪು ತಿದ್ದಿ, ಕೆಳಗೆ "ಅಂಚೆಗೆ ಹಾಕಿರಿ" ಎಂದು ಬರೆದುಕೊಟ್ಟರು.

ಹಾಕಲಿಲ್ಲ. ಲತೀಫಾಳಿಗೆ ಉರ್ದು ಬರುತ್ತಿತ್ತು, ಕನ್ನಡ ಓದಲು ಬರುತ್ತಿರಲಿಲ್ಲ. ಕನ್ನಡ ಶಾಲೆಗೆ ಹೋದವಳು ಆ ಮನೆಯಲ್ಲಿ ಅಂಬರೀನ್ ಒಬ್ಬಳೇ. ಪತ್ರ ಹೋದರೆ ಓದಿ ಹೇಳುವವಳು ಅವಳೇ. ಅವಳ ಬಾಯಿಂದ ಅದನ್ನು ಹೇಗೆ ಓದಿಸಲಿ? ಬಿಸ್ಕತ್ತಿನ ಡಬ್ಬಿಯಲ್ಲಿಟ್ಟೆ. ಹುಣ್ಣಿಮೆಗೆ ಬುದ್ಧವಿಹಾರದಲ್ಲಿ ಸುಳ್ಳಾಡೆನೆಂಬ ಶೀಲವನ್ನು ಹೇಳುವಾಗಲೆಲ್ಲ ಆ ಡಬ್ಬಿ ಕಣ್ಣ ಮುಂದೆ ಬರುತ್ತಿತ್ತು. ಮನೆಗೆ ಬಂದು ಸುಮ್ಮನಾಗುತ್ತಿದ್ದೆ.

ಏಳು ವರ್ಷದ ಹಿಂದೆ ಲತೀಫಾಳ ಮೊಮ್ಮಗ ದಾನಿಶ್‌ನ ಮದುವೆಗೆ ಮಹಾಗಾಂವಕ್ಕೆ ಹೋಗಿದ್ದೆ. ಅಂಬರೀನ್ ಅಲ್ಲಿನ ಶಾಲೆಯಲ್ಲಿ ಟೀಚರು. ಕೈಯಲ್ಲಿ ಮೆಹೆಂದಿ, ಮೆಹೆಂದಿಯ ಕೆಳಗೆ ಆ ಗುರುತು. ಯಾವುದೋ ಮಗು, ಅದೇನು ಎಂದು ಕೇಳಿತು.

"ನಾ ಸಣ್ಣಾಕಿ ಇದ್ದಾಗ ಒಂದ್ ನಾಯಿಗಿ ಕಾಟ ಕೊಟ್ಟಿದ್ನಂತ," ಎಂದು ಅಂಬರೀನ್ ನಕ್ಕಳು. "ಕೈ ಆಡಿಸಿದ್ದೆ ಅಂತ ನನಗ ನೆನಪು. ಆದ್ರ ಎಲ್ಲಾರೂ ಹೇಳ್ತಾರ, ಕೊಟ್ಟಿರಬೇಕು ಬಿಡು. ಹೌದಲ್ರೀ ಖಾಲಾ? ಪಾಪ, ನನ್ನ ಸಲುವಾಗಿ ಸತ್ತಿತು."

ನಾನು ಬಿರಿಯಾನಿಯ ತಟ್ಟೆ ನೋಡಿಕೊಂಡು ಕೂತೆ. ಅವಳ ಕೈಗೆ ಗೊತ್ತಿದ್ದ ಸತ್ಯವನ್ನು ಅವಳಿಂದಲೇ ಕಸಿದಿದ್ದೆವು. ಅಂದೂ ಹೇಳಲಿಲ್ಲ.

ಬೇಳೆ ಆರಿಸಿದ ಮರುದಿನ ಪ್ರಬುದ್ಧ ಟೈಗರ್‌ನನ್ನು ಎತ್ತಿಕೊಂಡು ಹೊರಟಾಗ, "ನಾನೂ ಬರ್ತೇನಿ," ಎಂದೆ. ಸೇಡಂ ರಸ್ತೆಯ ಪ್ರಾಣಿ ಡಾಕ್ಟರ ಬಳಿಗೆ ಆಟೋದಲ್ಲಿ ಹೋದೆವು. ಮರಿ ನನ್ನ ತೊಡೆಯ ಮೇಲಿತ್ತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪ್ರಬುದ್ಧ ಹೇಳಿದ್ದನ್ನೆಲ್ಲ ಕೇಳಿ, ಮರಿಯ ಬಾಲವನ್ನು ಬೆರಳಿಂದ ಎತ್ತಿ ನೋಡಿದರು.

"ಏನಾಗ್ಯದ ಈ ಬಾಲಕ್ಕ? ಗಾಯ ಇಲ್ಲ, ಹುಣ್ಣ ಇಲ್ಲ. ಚಂದ ಕಾಣಾಕ ಅಂತ ನಾ ಕತ್ತರಿಸಂಗಿಲ್ರಿ."

"ಬ್ಯಾರೆ ಕಡಿ ಮಾಡ್ತಾರ್ರಿ ಮೇಡಂ."

"ಮಾಡ್ತಾರ. ಅವ್ರನ್ನ ತಡಿಯಾಕ ನನ್ನ ಕೈಲಿ ಆಗಂಗಿಲ್ಲ. ನೀವು ತಡೀಬಹುದು."

ಪ್ರಬುದ್ಧ ಫೋನು ತೆಗೆದ, ಗುಂಡಣ್ಣನಿಗೆ ಮಾಡಲು ಇರಬೇಕು. ಆಗ ನಾನು ಕೇಳಿದೆ: "ಡಾಕ್ಟರಮ್ಮಾ, ಒಂದ್ ಮಾತು. ಸಣ್ಣ ಮರಿ ಇದ್ದಾಗ ಬಾಲ ಕತ್ತರಿಸ್ಯಾರ ಅನ್ರಿ. ಗಾಯ ಮಾಯ್ದು ಮೂರ್ ವರ್ಷ ಆದ ಮ್ಯಾಲ, ಯಾರರ ಅಲ್ಲಿ ಸುಮ್ನ ಮುಟ್ಟಿದ್ರ ನೋಯ್ತದೇನ್ರಿ?"

ಅವರು ಮರಿಯನ್ನು ಬಿಟ್ಟು ನನ್ನನ್ನು ನೋಡಿದರು. "ನೋಯಬಹುದು ಆಯಿ. ಎಲ್ಲಾ ನಾಯಿಗೂ ಅಂತಲ್ಲ, ಕೆಲವಕ್ಕ. ಕಡಿದ ನರ ಒಳಗ ಗಂಟು ಕಟ್ಕೊಳ್ತದ. ಮ್ಯಾಲ ಚರ್ಮ ಚಂದ ಕೂಡಿರ್ತದ, ಒಳಗ ಮುಟ್ಟಿದ್ರ ಮಿಂಚು ಹೊಡದಂಗ."

"ಕಚ್ಚಾಕ ಬರ್ತದ?"

"ಬರಬಹುದು. ಬಾಲ ಇದ್ರ ಮೊದಲ ಅದನ್ನ ಒಳಗ ಸೇರಿಸಿಯೋ ಬಿಗಿ ಮಾಡಿಯೋ ‘ಬ್ಯಾಡ, ದೂರ ಇರು’ ಅಂತ ಹೇಳ್ತದ. ಬಾಲ ಇಲ್ಲದ್ದಕ್ಕ ಅರ್ಧ ಮಾತು ಹೋದಂಗ. ಉಳಿದದ್ದು ಹಲ್ಲು."

"ಹಂಗಿದ್ರ ಮುಟ್ಟಿದ ಹುಡುಗಿದು ಏನೂ ತಪ್ಪಿಲ್ಲ."

"ಯಾವ ಹುಡುಗಿ?"

ಅಲ್ಲಿಯೇ, ಔಷಧದ ವಾಸನೆಯ ಆ ಕೋಣೆಯಲ್ಲಿ, ನಲವತ್ತೈದು ವರ್ಷದ ಮಾತು ಹೊರಬಿತ್ತು. ಹೊಸ್ತಿಲು, ಕುಡುಗೋಲು, ಬಾಗಿಲು, ಅಂಗಳ, ಎಲ್ಲ. ಪ್ರಬುದ್ಧ ಫೋನು ಜೇಬಿಗಿಟ್ಟುಕೊಂಡ.

ಮರಳಿ ಬರುವಾಗ ಆಟೋದಲ್ಲಿ ಪ್ರಬುದ್ಧ ಮರಿಯನ್ನು ತನ್ನ ತೊಡೆಯ ಮೇಲೆ ಕೂರಿಸಿಕೊಂಡ. ಮರಿಯ ಬಾಲ ಅವನ ತೋಳಿಗೆ ಬಡಿಯುತ್ತಿತ್ತು, ಅವನು ತೋಳು ಸರಿಸಲಿಲ್ಲ.

"ಗುಂಡಣ್ಣಗ ಏನ್ ಹೇಳ್ತಿ?" ಎಂದೆ.

"ಅವಂದು ಬಿಡು. ಬೀದಿ ನಾಯಿ ಕಂಡಂಗ ಕಂಡ್ರ ಕಾಣ್ಲಿ." ಆಮೇಲೆ ಕೇಳಿದ, "ಅಂಬರೀನ್ ಅಕ್ಕಗ ಹೇಳೀಯೇನ್ ಯವ್ವಾ?"

"ಇಲ್ಲ."

"ನನಗ ಹೇಳ್ದಿ, ಆ ಡಾಕ್ಟರ್‌ಗ ಹೇಳ್ದಿ. ಯಾರಿಗಿ ಹೇಳಬೇಕೋ ಅಕಿಗೊಬ್ಬಾಕಿಗಿ ಬಿಟ್ಟು."

ಮಗ ಹೇಳಿದ್ದು ಸರಿಯಿತ್ತು, ಅದಕ್ಕೇ ಸಿಟ್ಟು ಬಂತು. ಮನೆಗೆ ಬಂದು ಡಬ್ಬಿ ತೆಗೆದೆ. ಕಾಗದ ಹಳದಿಯಾಗಿತ್ತು, ಮಾಸ್ತರರ ಕೆಂಪು ಮಸಿ ಕಂದಿತ್ತು. ಓದುತ್ತ ಹೋದ ಹಾಗೆ ಗೊತ್ತಾಯಿತು. ಏಳು ತಪ್ಪು ತಿದ್ದಿದ ಮಾಸ್ತರರಿಗೂ ಎಂಟನೆಯದು ಕಂಡಿರಲಿಲ್ಲ, ನನಗೂ ಇಷ್ಟು ವರ್ಷ ಕಂಡಿರಲಿಲ್ಲ. ಅದರಲ್ಲಿ ಬಾಲ ಕಡಿದದ್ದಿದೆ, ಬಾಗಿಲ ಸುಳ್ಳಿದೆ, ನೀರಿನ ಋಣ ಪುಟದ ತುಂಬ ಇದೆ. ಅಂಗಳದಲ್ಲಿ ಒಂದು ಮಗು ನನ್ನನ್ನು ಸಾಕ್ಷಿಗೆ ಕರೆದದ್ದು ಎಲ್ಲೂ ಇಲ್ಲ. ನಾನು ಗೆಳತಿಯ ಕ್ಷಮೆ ಬೇಡಿಕೊಂಡು, ಮಗುವನ್ನು ಓದುವ ಕೆಲಸಕ್ಕೆ ಮಾತ್ರ ಇಟ್ಟುಕೊಂಡಿದ್ದೆ.

ಡಬ್ಬಿಯ ಮಗ್ಗುಲಲ್ಲೇ ಕೂತು ಹೊಸ ಹಾಳೆಯಲ್ಲಿ ಬರೆದೆ. ಮೇಲೆ ಲತೀಫಾಳ ಹೆಸರು ಹಾಕಲಿಲ್ಲ.

"ಅಂಬರೀನ್, ಇದು ನಿನಗೆ. ಮೊದಲು ನೀನೊಬ್ಬಳೇ ಓದು. ಆಮೇಲೆ ಅಮ್ಮಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟಿದ್ದು. ನೀನು ಚಾಂದ್‌ಗೆ ಕಾಟ ಕೊಟ್ಟಿರಲಿಲ್ಲ. ಬರೇ ಕೈ ಆಡಿಸಿದ್ದೆ. ನಿನ್ನ ನೆನಪು ಖರೆ, ನಾವು ಹೇಳಿದ್ದು ಸುಳ್ಳು. ಅದರ ಬಾಲ ಬಾಗಿಲಿಗೆ ಸಿಕ್ಕಿರಲಿಲ್ಲ, ನಾನು ಕುಡುಗೋಲಿನಿಂದ ಕಡಿದೆ. ಅಲ್ಲಿ ನೋವಿತ್ತೆಂದು ನನಗೆ ನಿನಗಿಂತ ಒಂದು ವಾರ ಮೊದಲೇ ಗೊತ್ತಿತ್ತು. ನೀನು ‘ಖಾಲಾ, ನೀ ಹೇಳು’ ಅಂದಾಗ ನಾನು ಇಲ್ಲ ಅಂದೆ. ಆ ಇಲ್ಲ ಎಂಬುದನ್ನು ಇವತ್ತು ತಿರುಗಿ ತೆಗೆದುಕೊಳ್ಳುತ್ತಿದ್ದೇನೆ. ಹೌದು, ನನಗೂ ಕಚ್ಚಲು ಬಂದಿತ್ತು."

ಕೆಳಗೆ ಹೆಸರು ಬರೆದೆ. ಹಳೆಯದನ್ನೂ ಅದರ ಜೊತೆಗೇ ಮಡಿಸಿಟ್ಟೆ, ಲತೀಫಾಳ ಪಾಲಿನದು.

ಎರಡು ದಿನ ಬಿಟ್ಟು ಕಮಲಾಪುರದ ಬಸ್ಸು ಹತ್ತಿದೆ. ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿ ಕಿಟಕಿಯ ಸೀಟು ಹಿಡಿದೆ. ಮಹಾಗಾಂವ ಕ್ರಾಸಿನಲ್ಲಿ ಬಸ್ಸು ನಿಂತಿತು. ಇಳಿಯಬಹುದಿತ್ತು. ಕಾಲು ಒಮ್ಮೆ ಮುಂದೆ ಹೋಗಿ ಹಿಂದೆ ಬಂತು.

ಕಮಲಾಪುರದಲ್ಲಿ ಇಮಾಮುದ್ದೀನನ ಮನೆಯಿದ್ದ ಜಾಗದಲ್ಲಿ ಸಾಲು ಅಂಗಡಿಗಳು. ಆಡಿನ ಕೊಟ್ಟಿಗೆ ಇದ್ದಲ್ಲಿ ಮೊಬೈಲ್ ಅಂಗಡಿ, ಹೊಸ್ತಿಲಿಗೆ ಹೊಳೆಯುವ ಟೈಲ್ಸು. ಬಾವಿಯ ಬಾಯಿಗೆ ಕಾಂಕ್ರೀಟು. ಆದರೆ ಹಿಂದೆ ಒಂದಷ್ಟು ತೋಟ ಉಳಿದಿತ್ತು, ಅಂದೇ ಗೊನೆ ಕಡಿದಿದ್ದರು. ಅದೇ ವಾಸನೆ. ಲತೀಫಾ ಹಗ್ಗ ಹಿಡಿದು ನಿಂತ ಹಾಗೆ, ಚಾಂದ್ ಸೊಂಟ ಕುಣಿಸಿ ಓಡಿ ಬಂದ ಹಾಗೆ. ಅಂಗಡಿಯವನು, "ಏನ್ ಬೇಕ್ರಿ ಆಯಿ? ರೀಚಾರ್ಜಾ?" ಎಂದ. ಏನೂ ಬೇಡವೆಂದು ಹೇಳಿ, ಆ ಹೊಸ್ತಿಲಿಗೆ ಬಗ್ಗಿ ಕೈ ಮುಟ್ಟಿಸಿ ಬಂದೆ. ಅವನು ತಲೆ ಕೆರೆದುಕೊಂಡ.

ಪೋಸ್ಟ್ ಆಫೀಸಿನಲ್ಲಿ ಅಂಟು ಹಚ್ಚಿ, ಸ್ಟಾಂಪು ಒತ್ತಿ, ವಿಳಾಸ ಸರಿಯಿದೆಯೇ ಎಂದು ಅಲ್ಲಿದ್ದ ಬಾಬುವಿಗೆ ತೋರಿಸಿದೆ.

"ಮಹಾಗಾಂವ? ನೀವು ಹೋಗೋ ಬಸ್ಸ ಅಲ್ಲೇ ನಿಲ್ತದಲ್ಲ ಆಯಿ. ಇಳಿದು ಕೈಲೇ ಕೊಡ್ರಲ್ಲ."

"ಕೈಲೇ ಕೊಡಾಕ ಹೋದ್ರ ಜೋಡಿ ಬಾಯೀನೂ ಬರ್ತದಪ್ಪಾ," ಎಂದೆ. "ಈ ಬಾಯಿ ನಂಬಿಗಸ್ತ ಅಲ್ಲ."

ಅವನು ನಗುತ್ತ ಹೊರಗಿನ ಕೆಂಪು ಡಬ್ಬಿಯತ್ತ ಕೈ ತೋರಿಸಿದ. ನಾನು ಲಕೋಟೆಯ ಮೇಲೆ ಅಂಬರೀನಳ ಹೆಸರನ್ನು ಇನ್ನೊಮ್ಮೆ ಓದಿ, ಅದನ್ನು ಡಬ್ಬಿಯೊಳಗೆ ಬಿಟ್ಟೆ. ತಳಕ್ಕೆ ಬಿದ್ದ ಸದ್ದು ಕೇಳುವವರೆಗೆ ಅಲ್ಲೇ ನಿಂತಿದ್ದೆ.